ನೆಳಲಿನಿಂದ ಅಳೆಯುವ ಯಂತ್ರ: ಅದರ ಉಪಯೋಗವೂ ಪಾಲನೆಯೂ

ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಕೂಟ ನಡೆದಾಗ ಒಬ್ಬ ತಾಯಿ ನಮ್ಮ ಬಳಿಗೆ ಬಂದು, "ನನ್ನ ಮಗಳು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ದಿನವೆಲ್ಲಾ ಗಾಜಿನ ತೆರೆಯ ಮುಂದೆ ಕುಳಿತು ನೆಳಲು ನೋಡುತ್ತಾಳಂತೆ, ಮಿಸ್. ನೆಳಲು ನೋಡುವುದಕ್ಕೂ ಸಂಬಳ ಕೊಡುತ್ತಾರೆಯೇ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು, ಮಗಳೂ ನಕ್ಕಳು. ಆದರೆ ಈ ಪ್ರಶ್ನೆಯು ನಕ್ಕು ಬಿಟ್ಟುಬಿಡತಕ್ಕದ್ದಲ್ಲವೆಂದು ನಮಗೆ ತೋರಿತು. ನಮ್ಮಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಇಂಥ ಯಂತ್ರಗಳ ಮುಂದೆ ಕುಳಿತಿರುವರು. ಅವರು ಮಾಡುವ ಕೆಲಸವೇನೆಂಬುದು ಮನೆಯವರಿಗೆ ತಿಳಿಯದು. ಎಷ್ಟೋ ವೇಳೆ ಅವರನ್ನು ಕೆಲಸಕ್ಕೆ ಇಟ್ಟುಕೊಂಡವರಿಗೂ ಪೂರ್ತಿಯಾಗಿ ತಿಳಿಯದು. ಆದುದರಿಂದ ಈ ಸಂಚಿಕೆಯಲ್ಲಿ ನಮಗೆ ದೊರೆತಿರುವ ಪುಟಗಳನ್ನು ಆ ತಾಯಿಯ ಪ್ರಶ್ನೆಗೆ ಉತ್ತರ ಬರೆಯುವುದಕ್ಕೆ ವಿನಿಯೋಗಿಸಿರುವೆವು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿಯೂ, ಕಾಮಾಕ್ಷಿಪಾಳ್ಯದ ಬೀದಿಗಳಲ್ಲಿಯೂ, ಅಲ್ಲಿಂದ ಆಚೆಗೆ ಪೀಣ್ಯದ ಕಡೆಯಲ್ಲಿಯೂ ಸಣ್ಣ ಸಣ್ಣ ಯಂತ್ರಶಾಲೆಗಳು ಬಹಳವಾಗಿವೆ. ಕೆಳಗೆ ಎರಡು ಲೇತುಗಳು, ಮೇಲೆ ಯಜಮಾನರ ಸಂಸಾರ, ಹೀಗಿರುವವೂ ಉಂಟು. ಇಲ್ಲಿ ಪೂರ್ಣವಾದ ಯಂತ್ರವೊಂದು ತಯಾರಾಗುವುದಕ್ಕಿಂತ ಯಂತ್ರದ ಅಂಗಗಳು ತಯಾರಾಗುವುದೇ ಹೆಚ್ಚು: ಪಿನ್ನು, ಬುಷ್ಷು, ತಿರುಪು, ಸಣ್ಣ ಹಲ್ಲುಚಕ್ರ, ಪಂಪಿನ ತುಂಡು, ಇತ್ಯಾದಿ. ಒಂದು ಕಡೆ ಕಡೆದ ಪಿನ್ನು ಇನ್ನೊಂದು ಕಡೆ ಕೊರೆದ ರಂಧ್ರದೊಳಗೆ ಸರಿಯಾಗಿ ಕೂರಬೇಕು. ಪಿನ್ನು ಮಾಡಿದವನು ರಂಧ್ರ ಕೊರೆದವನ ಮುಖವನ್ನು ನೋಡಿರುವುದಿಲ್ಲ. ಅವರಿಬ್ಬರಿಗೂ ಇರುವ ಸಂಬಂಧವೆಲ್ಲವೂ ನಕ್ಷೆಯ ಮೇಲೆ ಬರೆದಿರುವ ಒಂದು ಅಂಕಿ ಮಾತ್ರವೇ.

ಆ ಅಂಕಿಯು ಎಷ್ಟು ಸೂಕ್ಷ್ಮವಾದುದೆಂಬುದನ್ನು ಸ್ವಲ್ಪ ವಿಚಾರಿಸೋಣ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನು ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನು. ಕೆಲವರದು ಹೆಚ್ಚು, ಕೆಲವರದು ಕಡಮೆ. ೬ ಮಿಲಿಮೀಟರ್ ದಪ್ಪದ ಪಿನ್ನೊಂದು ೨೦ ಮೈಕ್ರಾನಿಗಿಂತ ಹೆಚ್ಚು ವ್ಯತ್ಯಾಸಪಡಕೂಡದೆಂದು ನಕ್ಷೆಯಲ್ಲಿ ಬರೆದಿದ್ದರೆ, ಕೂದಲಿನ ದಪ್ಪದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಮೆಯಾದ ಅಂತರದಲ್ಲಿ ಪಿನ್ನಿನ ಯೋಗ್ಯತೆಯು ನಿರ್ಣಯವಾಗುವುದು. ಅದನ್ನು ಕಡೆದವನ ಆ ದಿನದ ಕೂಲಿಯೂ ಅದರೊಡನೆಯೇ ನಿರ್ಣಯವಾಗುವುದು.

ವಿಜ್ಞಾನದ ಕೊಠಡಿಯಲ್ಲಿ ನೀವು ಉಪಯೋಗಿಸಿದ ವರ್ನಿಯರ್ ಕ್ಯಾಲಿಪರು, ಸ್ಕ್ರೂಗೇಜು ಇವುಗಳಿಂದ ಈ ಕೆಲಸ ಆಗದೆ? ದುಂಡಾದ ಪಿನ್ನಿಗೆ ಆಗುತ್ತದೆ. ಆದರೆ ತಿರುಪಿನ ಹಲ್ಲು ಎಷ್ಟು ಓರೆಯಾಗಿದೆ, ಹಲ್ಲಿನ ಬುಡ ಎಷ್ಟು ದುಂಡಾಗಿದೆ, ಗಡಿಯಾರದ ಚಕ್ರದ ಹಲ್ಲು ತಕ್ಕ ಆಕಾರದಲ್ಲಿದೆಯೇ ಎಂಬಿವುಗಳನ್ನು ಸ್ಕ್ರೂಗೇಜಿನ ಎರಡು ದವಡೆಗಳ ನಡುವೆ ಹಿಡಿದು ನೋಡಲಾಗದು. ರಬ್ಬರಿನ ಉಂಗುರವನ್ನು ಹಿಡಿದರಂತೂ ಅದು ಅಮುಕಿಹೋಗಿ ಸುಳ್ಳನ್ನೇ ಹೇಳುವುದು. ಬೆಳಕಾದರೋ ವಸ್ತುವನ್ನು ಮುಟ್ಟಿಯೂ ಅಮುಕದು. ಈ ಗುಣವನ್ನು ಆಧಾರವಾಗಿಟ್ಟುಕೊಂಡು ಮಾಡಿದ ಯಂತ್ರಕ್ಕೆ ಕಾರ್ಖಾನೆಯವರು ಪ್ರೊಫೈಲ್ ಪ್ರೊಜೆಕ್ಟರ್ ಎನ್ನುತ್ತಾರೆ.

ಮನೆಯಲ್ಲಿ ದೀಪದ ಮುಂದೆ ಕೈಯನ್ನು ಹಿಡಿದು ಗೋಡೆಯ ಮೇಲೆ ನೆಳಲನ್ನು ನೋಡಿರಿ. ಕೈ ದೀಪದ ಹತ್ತಿರ ಹೋದಷ್ಟೂ ನೆಳಲು ದೊಡ್ಡದಾಗುವುದು, ಅಂಚು ಮಸಕಾಗುವುದು. ಗೋಡೆಯ ಹತ್ತಿರ ಬಂದಷ್ಟೂ ಚಿಕ್ಕದಾಗಿ ಸ್ಫುಟವಾಗುವುದು. ತೊಗಲುಗೊಂಬೆ ಆಡಿಸುವವರು ಇದನ್ನು ಚೆನ್ನಾಗಿ ಬಲ್ಲರು. ಗೆರೆಗಳು ಎದ್ದು ಕಾಣಬೇಕಾದರೆ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯುವರು. ಆದರೆ ವಸ್ತು ಸ್ವಲ್ಪ ಸರಿದ ಮಾತ್ರಕ್ಕೆ ಅಳತೆ ಬದಲಾಗುವ ನೆಳಲು ನಮ್ಮ ಕೆಲಸಕ್ಕೆ ಬಾರದು. ಆದುದರಿಂದ ಯಂತ್ರದಲ್ಲಿ ದೀಪದ ಮುಂದೆ ಒಂದು ಮಸೂರವನ್ನಿಟ್ಟು, ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಹೊರಡುವಂತೆ ಮಾಡಿರುತ್ತಾರೆ. (ಮಸೂರವೆಂದರೆ ಚನ್ನಂಗಿ ಬೇಳೆಯ ಕಾಳು. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಆ ಕಾಳಿನ ಆಕಾರದಿಂದಲೇ ಗಾಜಿಗೂ ಆ ಹೆಸರು ಬಂದಿತು.) ಕಿರಣಗಳು ಗಾಜಿನ ಮೇಜಿನ ಮೇಲಿಟ್ಟ ವಸ್ತುವನ್ನು ದಾಟಿ ಇನ್ನೊಂದು ಮಸೂರವನ್ನು ಹೊಕ್ಕು, ಕನ್ನಡಿಗಳಿಂದ ತಿರುಗಿ, ಉಜ್ಜಿ ಮಬ್ಬುಮಾಡಿದ ಗಾಜಿನ ತೆರೆಯ ಮೇಲೆ ೧೦, ೨೦ ಅಥವಾ ೫೦ ಪಟ್ಟು ದೊಡ್ಡದಾದ ನೆಳಲನ್ನು ಬೀಳಿಸುತ್ತವೆ. ೫೦ ಪಟ್ಟಿನಲ್ಲಿ ೨೦ ಮೈಕ್ರಾನು ಒಂದು ಮಿಲಿಮೀಟರಾಗುವುದು. ಅದು ಯಾರ ಕಣ್ಣಿಗಾದರೂ ಕಾಣುವ ಅಳತೆ. ತೆರೆಯ ನಡುವೆ ಅಡ್ಡಲಾಗಿಯೂ ಉದ್ದವಾಗಿಯೂ ಎರಡು ಸಣ್ಣ ಗೆರೆಗಳಿರುತ್ತವೆ. ನೆಳಲಿನ ಒಂದು ಅಂಚನ್ನು ಗೆರೆಗೆ ತಂದು ಅಂಕಿಯನ್ನು ನೋಡಿಕೊಂಡು, ಮೇಜನ್ನು ಸರಿಸಿ ಇನ್ನೊಂದು ಅಂಚನ್ನು ಅದೇ ಗೆರೆಗೆ ತಂದರೆ, ಮೇಜು ಸರಿದಷ್ಟೇ ವಸ್ತುವಿನ ಅಗಲ.

ಈ ಉಪಾಯವು ನಕ್ಷತ್ರಗಳನ್ನು ನೋಡುವ ಹವ್ಯಾಸವಿದ್ದ ಇಬ್ಬರಿಂದ ಬಂದಿತೆಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಒಂದು ಕಾರ್ಖಾನೆಯ ತಿರುಪು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಹೊಂದದೆ ಅಮೆರಿಕದವರು ತೊಂದರೆಗೊಳಗಾಗಿ, ೧೯೧೮ರಲ್ಲಿ ತಿರುಪಿನ ಹಲ್ಲುಗಳ ವಿಚಾರಕ್ಕೆಂದೇ ಒಂದು ರಾಷ್ಟ್ರೀಯ ಮಂಡಲಿಯನ್ನು ನೇಮಿಸಿದರು. ವರ್ಮಾಂಟ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಯಂತ್ರೋದ್ಯಮಿ ಜೇಮ್ಸ್ ಹಾರ್ಟ್‌ನೆಸ್ ಅದರ ಸದಸ್ಯರಲ್ಲೊಬ್ಬನು. ದೂರದರ್ಶಕವನ್ನು ತಾನೇ ರಚಿಸಿಕೊಂಡಿದ್ದವನು. ಮುಂದೆ ೧೯೨೧ರಿಂದ ೧೯೨೩ರವರೆಗೆ ಆ ಸಂಸ್ಥಾನದ ಗವರ್ನರನೂ ಆದನು. ಅವನೂ, ಅವನ ಬಳಿ ಕೆಲಸಕ್ಕೆ ಸೇರಿದ್ದ ಚಿತ್ರಗಾರನೂ ದೂರದರ್ಶಕಗಳ ನಿರ್ಮಾಪಕನೂ ಆದ ರಸಲ್ ಪೋರ್ಟರನೂ ಕೂಡಿ, ತಿರುಪಿನ ನೆಳಲನ್ನು ದೊಡ್ಡದು ಮಾಡಿ ತಕ್ಕ ಆಕಾರದ ನಕ್ಷೆಯೊಡನೆ ಹೋಲಿಸಿ ನೋಡುವ ಯಂತ್ರವನ್ನು ಸಿದ್ಧಪಡಿಸಿದರು. ದೂರದ ನಕ್ಷತ್ರವನ್ನು ಹತ್ತಿರ ತರುವ ವಿದ್ಯೆಯು ಹೀಗೆ ತಿರುಪಿನ ಹಲ್ಲಿಗೆ ಉಪಯೋಗವಾಯಿತು.

ಈಗ ಒಂದು ನಡೆದ ಸಂಗತಿಯನ್ನು ಹೇಳುವೆವು. ಹುಡುಗಿಯ ಹೆಸರೂ ಕಾರ್ಖಾನೆಯ ಹೆಸರೂ ಇಲ್ಲಿ ಬೇಡ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಪಾಸಣೆಯ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಒಂದು ದಿನ ಹಿತ್ತಾಳೆಯ ಪಿನ್ನುಗಳ ಒಂದು ತಟ್ಟೆ ಅವಳ ಮುಂದೆ ಬಂದಿತು. ತೆರೆಯ ಮೇಲೆ ನೋಡಿದರೆ ಪಿನ್ನಿನ ಅಂಚಿನಲ್ಲಿ ಎಳ್ಳಿನಷ್ಟು ಉಬ್ಬು. ಕಡೆಯುವಾಗ ಉಳಿದ ಮುಳ್ಳೆಂದು ತಿಳಿದು ಅದನ್ನು ಬೇರೆ ಇಟ್ಟಳು. ಮುಂದಿನದರಲ್ಲಿಯೂ ಉಬ್ಬು. ಹೀಗೆ ಅರುವತ್ತೆರಡು ಪಿನ್ನುಗಳು ತಿರಸ್ಕೃತವಾದವು. ಅವುಗಳನ್ನು ಕಡೆದ ತರುಣನಿಗೆ ತುಂಡಿನ ಲೆಕ್ಕದಲ್ಲಿ ಕೂಲಿ. ಅವನು ಬಂದು, "ಅಕ್ಕಾ, ಟೂಲನ್ನು ಬೆಳಗ್ಗೆ ತಾನೇ ಮಸೆದಿದ್ದೇನೆ. ಬೆರಳಿಗೆ ಏನೂ ತಗಲುವುದಿಲ್ಲ, ನೀವೇ ಮುಟ್ಟಿ ನೋಡಿ" ಎಂದನು. "ಬೆರಳಿಗೆ ತಿಳಿಯುವ ಹಾಗಿದ್ದರೆ ಈ ಯಂತ್ರವನ್ನೇಕೆ ತಂದರು?" ಎಂದಳು ಇವಳು. ಆ ಮಾತನ್ನು ನಮಗೆ ಹೇಳುವಾಗಲೂ ಅವಳ ಮುಖ ಸಣ್ಣದಾಯಿತು.

ಮರುದಿನ ಬೇರೆ ಲೇತಿನಿಂದ, ಬೇರೆಯವನು ಕಡೆದ ಪಿನ್ನುಗಳು ಬಂದವು. ಉಬ್ಬು ಅಲ್ಲಿಯೂ ಇತ್ತು, ಅದೇ ಸ್ಥಳದಲ್ಲಿ. ಅವಳಿಗೆ ಸಂದೇಹ ಹುಟ್ಟಿ ಪಿನ್ನನ್ನು ಅರ್ಧ ಸುತ್ತು ತಿರುಗಿಸಿದಳು; ಉಬ್ಬು ತಿರುಗಲಿಲ್ಲ. ಪಿನ್ನನ್ನೇ ತೆಗೆದಳು. ಪಿನ್ನಿನ ನೆಳಲು ಹೋಯಿತು, ಉಬ್ಬು ಉಳಿಯಿತು! ಪಿನ್ನನ್ನು ಕೂರಿಸುವ ಆಧಾರದ ಪಕ್ಕದಲ್ಲಿ ಗಾಜಿನ ಮೇಲೆ ಎಣ್ಣೆಯಿಂದ ಅಂಟಿಕೊಂಡಿದ್ದ ಹಿತ್ತಾಳೆಯ ಸಿಬರೊಂದು ಎರಡು ದಿನ ಸಾಕ್ಷಿ ಹೇಳಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕೆಂಬ ಗಾದೆಯು ಇಂಥ ಕಡೆ ಹುಟ್ಟಿದುದೇ ಇರಬೇಕು. ಅವಳು ಗಾಜನ್ನು ಒರೆಸಿ ಅರುವತ್ತೆರಡನ್ನೂ ಮತ್ತೆ ಅಳೆದಳು. ನಿಜವಾಗಿ ಕೆಟ್ಟವು ಮೂರೇ. ತಪಾಸಣೆಯ ಪುಸ್ತಕದಲ್ಲಿ ತಾನು ಬರೆದುದನ್ನು ಒಂದೇ ಗೆರೆಯಿಂದ ಹೊಡೆದು, ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಕಾರಣವನ್ನು ಬರೆದು ಸಹಿ ಮಾಡಿ ಯಜಮಾನರ ಮುಂದಿಟ್ಟಳು. ಅವರು ಗೊಣಗಿದರು, ಆದರೆ ಹಿಡಿದಿದ್ದ ಕೂಲಿಯನ್ನು ಕೊಟ್ಟರು. ಆ ತರುಣನ ಬಳಿಗೆ ಅವಳೇ ಹೋಗಿ ತಪ್ಪು ತನ್ನದೆಂದು ಹೇಳಿದಳಂತೆ. ಹದಿನೆಂಟು ವಯಸ್ಸಿನವಳಿಗೆ ಎಲ್ಲಕ್ಕಿಂತ ಕಷ್ಟವಾದ ಕೆಲಸ ಅದೇ ಎಂದು ನಾವು ಬಲ್ಲೆವು.

ಅಂದಿನಿಂದ ಅವಳು ಮೊದಲನೆಯ ತುಂಡನ್ನಿಡುವ ಮುಂಚೆ ಬರಿಯ ತೆರೆಯನ್ನು ನೋಡುತ್ತಾಳೆ. ಕಲೆಯೊಂದು ಕಂಡರೆ ಮೇಜನ್ನು ಸ್ವಲ್ಪ ಸರಿಸುವುದು. ಕಲೆಯೂ ಸರಿದರೆ ಕೊಳೆಯು ಗಾಜಿನ ಮೇಜಿನ ಮೇಲೋ ಆಧಾರದ ಮೇಲೋ ಇದೆ. ಮೇಜು ಸರಿದರೂ ಕಲೆ ಸರಿಯದಿದ್ದರೆ ಅದು ತೆರೆಯ ಮೇಲಿನದು. ಕಲೆ ಕಾಣದೆ ಒಂದು ಪಕ್ಕವೆಲ್ಲ ಮಂಕಾಗಿದ್ದರೆ ಮಸೂರವನ್ನೋ ಕನ್ನಡಿಯನ್ನೋ ದೀಪವನ್ನೋ ಸಂದೇಹಪಡತಕ್ಕದ್ದು. ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಪಾಲನೆಯ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ಹೇಳಬೇಕಾದುದು ಸೆರಗಿನ ಮಾತು. ಕನ್ನಡಕ ಮಸಕಾದರೆ ಸೆರಗಿನಿಂದ ಒರೆಸುವುದು ನಮಗೆ ಕೈಗೆ ಬಂದುಹೋಗಿರುವ ಅಭ್ಯಾಸ, ದುಪಟ್ಟದವರಿಗೆ ದುಪಟ್ಟ. ಯಂತ್ರಶಾಲೆಯ ಗಾಳಿಯಲ್ಲಿ ಉಕ್ಕಿನ ಪುಡಿಯೂ ಸಾಣೆಕಲ್ಲಿನ ಪುಡಿಯೂ ತೇಲುತ್ತಿದ್ದು ಬಟ್ಟೆಯಲ್ಲಿ ಸೇರಿರುತ್ತವೆ. ಆ ಬಟ್ಟೆಯಿಂದ ಮಸೂರವನ್ನು ಒಂದು ಸಲ ಒರೆಸಿದರೆ ಬಿದ್ದ ಗೀರು ಎಂದೆಂದಿಗೂ ಹೋಗದು. ಮೊದಲು ಕೈಯಿಂದ ಹಿಸುಕುವ ರಬ್ಬರಿನ ಉಂಡೆಯಿಂದ ಗಾಳಿಯನ್ನು ಬಿಟ್ಟು ಧೂಳನ್ನು ಹಾರಿಸಬೇಕು. ಉಳಿದುದನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಬೆರಳಿನ ಗುರುತು ಹಾಗೂ ಹೋಗದಿದ್ದರೆ ಮಾತ್ರ ಮಸೂರಕ್ಕೆಂದೇ ಮಾಡಿದ ಕಾಗದಕ್ಕೆ ಒಂದೆರಡು ತೊಟ್ಟು ಐಸೊಪ್ರೊಪೈಲ್ ಆಲ್ಕೊಹಾಲನ್ನು ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಬೇಕು. ಕಾರ್ಖಾನೆಯ ಕಂಪ್ರೆಸರಿನ ಗಾಳಿಯನ್ನು ಎಂದಿಗೂ ಬಿಡಕೂಡದು. ಅದರಲ್ಲಿ ಎಣ್ಣೆಯೂ ನೀರಿನ ಹನಿಗಳೂ ಇರುವ ಸಂಭವವುಂಟು. ಒಳಗಿನ ಕನ್ನಡಿಗಳನ್ನಂತೂ ಒರೆಸುವ ಯೋಚನೆಯೇ ಬೇಡ. ಮನೆಯ ಕನ್ನಡಿಗೆ ಹೊಳಪಿನ ಲೇಪವು ಗಾಜಿನ ಹಿಂದೆ ಇರುವುದು. ಇವಕ್ಕೆ ಮುಂದೆಯೇ ಇರುವುದು. ಒಂದು ಸಲ ಉಜ್ಜಿದರೆ ಲೇಪವೇ ಗೀಚಿಹೋದೀತು.

ಬೆಂಗಳೂರಿನ ಮಳೆಗಾಲದಲ್ಲಿ ಇನ್ನೊಂದು ಶತ್ರುವುಂಟು. ಅದು ಬೂಷ್ಟು. ಉಪ್ಪಿನಕಾಯಿಯ ಮೇಲೆ ಬರುವಂತೆಯೇ ಅದು ಮಸೂರದ ಮೇಲೆಯೂ ಜೇಡರಬಲೆಯ ಹಾಗೆ ಹಬ್ಬಿ ಗಾಜಿನ ಲೇಪವನ್ನು ತಿಂದುಬಿಡುವುದು. ಬಿಡಿ ಮಸೂರಗಳನ್ನು ತೇವ ಹೀರುವ ಸಿಲಿಕಾ ಜೆಲ್ಲಿನೊಡನೆ ಮುಚ್ಚಿದ ಡಬ್ಬಿಯಲ್ಲಿಡಬೇಕು. ಆ ಹರಳುಗಳ ಬಣ್ಣ ಬದಲಾದಾಗ ಅವುಗಳನ್ನು ಬಿಸಿಮಾಡಿ ಒಣಗಿಸುವುದೂ ಕೆಲಸದ ಒಂದು ಭಾಗವೇ. ಯಂತ್ರವನ್ನು ತಿಂಗಳುಗಟ್ಟಲೆ ಮುಚ್ಚಿ ಇಟ್ಟುಬಿಡುವುದಕ್ಕಿಂತ ದಿನವೂ ಉಪಯೋಗಿಸುವುದೇ ಅದಕ್ಕೆ ಆರೋಗ್ಯ.

ಹಳೆಯ ಯಂತ್ರಗಳಲ್ಲಿ ಹ್ಯಾಲೊಜನ್ ದೀಪವಿರುತ್ತದೆ. ಅದನ್ನು ಬದಲಾಯಿಸುವಾಗ ಪೂರ್ತಿಯಾಗಿ ಆರುವವರೆಗೆ ಕಾಯಬೇಕು. ಹೊಸ ದೀಪದ ಗಾಜನ್ನು ಬರಿಗೈಯಿಂದ ಮುಟ್ಟಕೂಡದು. ಬೆರಳಿನ ಜಿಡ್ಡು ಅಂಟಿದ ಸ್ಥಳವು ಉರಿಯುವಾಗ ಅತಿಯಾಗಿ ಕಾದು ದೀಪವು ಬೇಗ ಒಡೆಯುವುದು. ವಸ್ತುವನ್ನು ಗಾಜಿನ ಮೇಜಿನ ಮೇಲೆ ಎಳೆಯದೆ ಎತ್ತಿ ಇಡತಕ್ಕದ್ದು. ಎಣ್ಣೆಯನ್ನೂ ಮುಳ್ಳನ್ನೂ ಮೊದಲೇ ತೆಗೆದಿರತಕ್ಕದ್ದು. ಮೇಜು ಸರಿಯುವ ದಾರಿಗಳಿಗೆ ತಯಾರಿಸಿದವರು ಹೇಳಿದ ಎಣ್ಣೆಯನ್ನೇ, ಅದೂ ಸ್ವಲ್ಪವೇ ಹಾಕಬೇಕು. ಒಳ್ಳೆಯದೆಂದು ಧಾರಾಳವಾಗಿ ಸುರಿದರೆ ಅದು ಧೂಳಿಗೆ ಅಂಟಾಗುವುದು. ಪಕ್ಕದಲ್ಲಿ ತಗಡು ಕತ್ತರಿಸುವ ಪ್ರೆಸ್ಸು ದಡದಡನೆ ಬೀಳುತ್ತಿದ್ದರೆ ತೆರೆಯ ಮೇಲಿನ ನೆಳಲು ನಡುಗುವುದು. ಅಂಥ ಕಡೆಯಲ್ಲಿ ಅಳೆದ ಅಂಕಿಗೆ ಬೆಲೆಯಿಲ್ಲ.

ಶಾಖದ ವಿಷಯವನ್ನು ಪಾಠದಲ್ಲಿ ಓದಿದ್ದರೂ ಕೆಲಸದಲ್ಲಿ ಮರೆಯುತ್ತೇವೆ. ಅಳತೆಗಳೆಲ್ಲವೂ ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಇರುವಂಥವೆಂದು ೧೯೩೧ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿರುವರು. ೧೦೦ ಮಿಲಿಮೀಟರ್ ಉದ್ದದ ಉಕ್ಕು ಒಂದೊಂದು ಡಿಗ್ರಿಗೂ ಒಂದು ಮೈಕ್ರಾನಿಗಿಂತ ಸ್ವಲ್ಪ ಹೆಚ್ಚಾಗಿ ಬೆಳೆಯುತ್ತದೆ. ಲೇತಿನಿಂದ ಬಿಸಿಬಿಸಿಯಾಗಿ ತಂದ ತುಂಡು ೧೦ ಡಿಗ್ರಿ ಹೆಚ್ಚು ಕಾದಿದ್ದರೆ ೧೧.೫ ಮೈಕ್ರಾನು ಉದ್ದವಾಗಿರುವುದು. ಹಿತ್ತಾಳೆ ಇನ್ನೂ ಹೆಚ್ಚು, ಅಲ್ಯೂಮಿನಿಯಂ ಸುಮಾರು ಎರಡರಷ್ಟು. ಅವಸರಪಡುವ ಯಜಮಾನರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ, ತುಂಡು ತಪಾಸಣೆಯ ಕೊಠಡಿಯಲ್ಲಿ ತಣಿಯುವವರೆಗೆ ಕಾಯುವ ಅಧಿಕಾರವನ್ನು ಕೇಳಿ ಪಡೆಯುವುದು ಲೇಸು.

ಯಂತ್ರವೇ ಸರಿಯಾಗಿದೆಯೆಂದು ಹೇಳುವವರು ಯಾರು? ಅದಕ್ಕೆ ಅತಿ ಸೂಕ್ಷ್ಮವಾಗಿ ಗೆರೆ ಕೊರೆದ ಗಾಜಿನ ಅಳತೆಪಟ್ಟಿಯೊಂದಿರುತ್ತದೆ. ಅದನ್ನು ಮೇಜಿನ ಮೇಲಿಟ್ಟು, ಅದರ ಒಂದು ಮಿಲಿಮೀಟರು ೫೦ ಪಟ್ಟಿನ ತೆರೆಯಲ್ಲಿ ೫೦ ಮಿಲಿಮೀಟರಾಗಿ ಬೀಳುವುದೋ ಎಂದು ನೋಡುವುದು. ಆ ಪಟ್ಟಿಯನ್ನು ಪರೀಕ್ಷಿಸುವವರು ಅದಕ್ಕಿಂತ ಮೇಲಿನ ಪ್ರಯೋಗಶಾಲೆಯವರು. ೧೯೬೨ರಲ್ಲಿ ಯಂತ್ರೋಪಕರಣಗಳಿಗಾಗಿ ಸ್ಥಾಪಿತವಾದ, ತುಮಕೂರು ರಸ್ತೆಯಲ್ಲಿರುವ ಕೇಂದ್ರ ಸಂಸ್ಥೆಯಲ್ಲಿ (ಸಿ.ಎಂ.ಟಿ.ಐ. ಎಂದರೆ ಎಲ್ಲರಿಗೂ ತಿಳಿಯುವುದು) ಇಂಥ ಪರೀಕ್ಷೆಗಳು ನಡೆಯುತ್ತವೆ. ಅಲ್ಲಿಯ ಅಳತೆಗಳಿಗೆ ಆಧಾರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಎಲ್ಲಕ್ಕೂ ಆಧಾರ ಬೆಳಕು. ಬೆಳಕು ಶೂನ್ಯದಲ್ಲಿ ಒಂದು ಸೆಕೆಂಡಿನ ೨೯,೯೭,೯೨,೪೫೮ನೆಯ ಒಂದು ಪಾಲಿನಲ್ಲಿ ಓಡುವ ದೂರವೇ ಮೀಟರೆಂದು ೧೯೮೩ರಲ್ಲಿ ನಿಶ್ಚಯವಾಗಿದೆ.

ಮೇಜಿನ ಚಲನೆಯನ್ನು ಲೇಸರ್ ಕಿರಣದಿಂದ ಪರೀಕ್ಷಿಸುವಾಗ ನಮ್ಮ ಊರಿಗೆ ಸಂಬಂಧಿಸಿದ ಒಂದು ವಿಶೇಷವುಂಟು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ; ಇಲ್ಲಿಯ ಗಾಳಿ ಮದರಾಸಿನ ಗಾಳಿಗಿಂತ ತೆಳುವು. ತೆಳುವಾದ ಗಾಳಿಯಲ್ಲಿ ಬೆಳಕಿನ ಅಲೆಯು ಅತ್ಯಲ್ಪವಾಗಿ ಉದ್ದವಾಗುವುದು. ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ಸೇರಿಸದೆ ಸಮುದ್ರತೀರದ ಅಂಕಿಯನ್ನೇ ಹಿಡಿದರೆ ಒಂದು ಮೀಟರಿನಲ್ಲಿ ಸುಮಾರು ೨೭ ಮೈಕ್ರಾನು ತಪ್ಪುವುದು. ನಮ್ಮ ತಣ್ಣನೆಯ ಹವೆಗೆ ಕಾರಣವಾದ ಎತ್ತರವೇ ಅಳತೆಯಲ್ಲಿಯೂ ಕೈಹಾಕುವುದನ್ನು ಮಕ್ಕಳಿಗೆ ಹೇಳಿದಾಗ ಅವರು ಬಹಳ ಹೊತ್ತು ನಂಬಲಿಲ್ಲ.

ಈಚೆಗೆ ತೆರೆಯ ಬದಲು ಕ್ಯಾಮೆರಾವೂ ಕಂಪ್ಯೂಟರೂ ಇರುವ ವಿಡಿಯೊ ಅಳತೆಯ ಯಂತ್ರಗಳು ಬಂದಿವೆ. ಅಂಚನ್ನು ಯಂತ್ರವೇ ಹುಡುಕಿ ಅಂಕಿಯನ್ನು ಬರೆಯುವುದು. ಕೆಲಸ ಬೇಗ ಆಗುವುದು ನಿಜ. ಆದರೆ ಆ ಹಿತ್ತಾಳೆಯ ಸಿಬರನ್ನು ಅದೂ ಅಂಚೆಂದೇ ಎಣಿಸಬಹುದು, ಮತ್ತು ಮೂರು ದಶಾಂಶ ಸ್ಥಾನಗಳವರೆಗೆ ಗಂಭೀರವಾಗಿ ಬರೆದುಕೊಡಬಹುದು.

ಈ ವಿದ್ಯೆಯನ್ನು ಕಲಿಯುವುದಕ್ಕೆ ದೂರ ಹೋಗಬೇಕಾಗಿಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿಯೇ ೧೯೭೨ರಲ್ಲಿ ಡೆನ್ಮಾರ್ಕ್ ಸರಕಾರದ ಸಹಕಾರದಿಂದ ಸ್ಥಾಪಿತವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಎಸ್.ಎಸ್.ಎಲ್.ಸಿ. ಆದವರು ಅಲ್ಲಿ ಡಿಪ್ಲೊಮಾಗೆ ಸೇರಬಹುದು. ಹುಡುಗಿಯರಿಗೆ ಲೇತು ಏಕೆಂದು ಕೇಳುವ ತಂದೆಗಳು ಒಂದು ದಿನ ಬಿಡುವುಮಾಡಿಕೊಂಡು ಅಲ್ಲಿಗೆ ಹೋಗಿ ವಿಚಾರಿಸಿಕೊಂಡು ಬರಲಿ.

ಮೊದಲು ಹೇಳಿದ ತಾಯಿಯ ಮಗಳು ಮೊನ್ನೆ ನಮಗೆ ಬರೆದ ಕಾಗದದಲ್ಲಿ ಒಂದು ಸಂದೇಹವನ್ನು ಕೇಳಿದ್ದಾಳೆ. ದೀಪವನ್ನು ಹೆಚ್ಚು ಪ್ರಕಾಶವಾಗಿಟ್ಟರೆ ಅದೇ ಪಿನ್ನು ಸ್ವಲ್ಪ ಸಣ್ಣದಾಗಿಯೂ ಅದೇ ರಂಧ್ರ ಸ್ವಲ್ಪ ದೊಡ್ಡದಾಗಿಯೂ ಕಾಣುವುದೇಕೆ ಎಂದು. ಬೆಳಕು ಅತಿಯಾದಾಗ ಅದು ಅಂಚನ್ನು ದಾಟಿ ನೆಳಲಿನೊಳಕ್ಕೆ ಹರಡಿದಂತೆ ಕಾಣುವುದು. ಪಿನ್ನಿನಲ್ಲಿ ನೆಳಲು ನಡುವೆ, ಬೆಳಕು ಸುತ್ತ. ರಂಧ್ರದಲ್ಲಿ ಬೆಳಕು ನಡುವೆ, ನೆಳಲು ಸುತ್ತ. ಆದುದರಿಂದ ಅಳತೆ ಗೊತ್ತಿರುವ ಪಿನ್ನೊಂದನ್ನು ಮೊದಲು ಇಟ್ಟು, ಅಂಕಿ ಸರಿಯಾಗಿ ಬರುವಷ್ಟಕ್ಕೆ ದೀಪವನ್ನು ತಗ್ಗಿಸಿ, ಆ ಗುರುತನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಆ ತಟ್ಟೆಯ ಕೆಲಸ ಮುಗಿಯುವವರೆಗೆ ಅದನ್ನು ಮುಟ್ಟಬೇಡವೆಂದು ಅವಳಿಗೆ ಉತ್ತರ ಬರೆದಿದ್ದೇವೆ.